ಇದರೊಳಗೆ ಏನಿದೆ? – ಮೈಕ್ರೊಪ್ರೊಸೆಸರ್‌ನ ಮೊದಲ ದಿನಗಳು



ಬ್ರಹ್ಮಾವರದ ಸಮೀಪದ ಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಮನೆಗೆ ಬಂದಿದ್ದಳು. "ಸರ್, ಕಂಪ್ಯೂಟರ್ ಹುಟ್ಟಿ ಬೆಳೆದ ಬಗೆಯನ್ನು ನಮ್ಮ ಮಕ್ಕಳಿಗೆ ಒಂದು ಗಂಟೆ ಹೇಳಬೇಕು" ಎಂದಳು. ನಾನು ಹಿಂಜರಿದಾಗ, "ನಾನು ಕೇಳಿದ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ" ಎಂದು ನಕ್ಕಳು. ನನಗೆ ನಗಲು ಆಗಲಿಲ್ಲ.

ಆ ಪ್ರಶ್ನೆಯ ಸಂದರ್ಭವನ್ನು ಮೊದಲು ಹೇಳಬೇಕು. 1984ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಎಂಬ ಹ್ರಸ್ವನಾಮದ ಯೋಜನೆಯೊಂದನ್ನು ಆರಂಭಿಸಿತು. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರುಗಳನ್ನು ಕೊಡುವ ಯೋಜನೆ ಅದು. ಅದಕ್ಕೆ ಆರಿಸಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿ ತಯಾರಿಸಿದ 'ಬಿಬಿಸಿ ಮೈಕ್ರೊ' ಎಂಬ ಯಂತ್ರ. ಕುಂದಾಪುರ ತಾಲೂಕಿನಲ್ಲಿ ನಾನಿದ್ದ ಸಂಸ್ಥೆಗೂ ಕೆಲಕಾಲದ ಅನಂತರ ಅಂಥ ಯಂತ್ರಗಳು ಬಂದವು. ಕೆಲವು ದಿನಗಳ ತರಬೇತಿ ಪಡೆದು ಬಂದ ನಾನು ಆ ಕೋಣೆಯ ಕೀಲಿಕೈಗೆ ಒಡೆಯನಾದೆ. ಚಪ್ಪಲಿ ಹೊರಗೆ, ಮಾತು ಹೊರಗೆ. ಕಡಲ ಗಾಳಿಗೆ ತುಕ್ಕು ಹಿಡಿದೀತೆಂದು ಕಿಟಕಿಗಳೂ ಮುಚ್ಚಿರುತ್ತಿದ್ದವು. ಯಂತ್ರಕ್ಕೆ ಹೊದಿಸಿದ ಬಟ್ಟೆ ತೆಗೆದ ದಿನಗಳಿಗಿಂತ ತೆಗೆಯದ ದಿನಗಳೇ ಹೆಚ್ಚು.

ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಈ ಹುಡುಗಿ ಒಂದು ದಿನ, "ಸರ್, ಇದ್ರೊಳ್ಗೆ ಎಂತ ಇತ್ತ್?" ಎಂದು ಕೇಳಿದಳು. "ಪರೀಕ್ಷೆಗೆ ಬರುವುದನ್ನು ಕೇಳು" ಎಂದು ಗದರಿ ಕೂರಿಸಿದೆ. ನಿಜ ಸಂಗತಿ ಏನೆಂದರೆ, ಒಳಗೆ ಏನಿದೆ ಎಂಬುದು ನನಗೂ ತಿಳಿದಿರಲಿಲ್ಲ. ತಿಳಿಯದು ಎಂದು ಒಪ್ಪಿಕೊಳ್ಳುವ ಧೈರ್ಯ ಆ ವಯಸ್ಸಿನಲ್ಲಿ ನನಗಿರಲಿಲ್ಲ.

ಈಗ ಓದಿ ತಿಳಿದುದನ್ನು, ಬ್ರಹ್ಮಾವರದ ಮಕ್ಕಳಿಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ.

1969ರಲ್ಲಿ ಜಪಾನಿನ ಬ್ಯುಸಿಕಾಮ್ ಎಂಬ ಕಂಪನಿಗೆ ಲೆಕ್ಕ ಮಾಡುವ ಯಂತ್ರಗಳಿಗಾಗಿ ಚಿಪ್‌ಗಳು ಬೇಕಾಗಿದ್ದವು. ಅಮೆರಿಕದಲ್ಲಿ ಆಗಷ್ಟೇ ಹುಟ್ಟಿದ್ದ ಇಂಟೆಲ್ ಕಂಪನಿಗೆ ಅದು ಕೆಲಸ ಒಪ್ಪಿಸಿತು. ಅವರ ಯೋಜನೆಯಂತೆ ಸುಮಾರು ಹನ್ನೆರಡು ಬಗೆಯ ಚಿಪ್‌ಗಳು ಬೇಕು. ಒಂದೊಂದಕ್ಕೂ ಒಂದೊಂದೇ ಕೆಲಸ. ಇಂಟೆಲಿನ ಟೆಡ್ ಹಾಫ್ ಎಂಬ ಎಂಜಿನಿಯರ್‌ಗೆ ಇದು ದುಂದು ಎನಿಸಿತು. ಹನ್ನೆರಡರ ಬದಲು ನಾಲ್ಕೇ ಸಾಕು, ಅವುಗಳಲ್ಲಿ ಒಂದು ಮಾತ್ರ ಯಾವ ಆಜ್ಞೆ ಕೊಟ್ಟರೂ ಪಾಲಿಸುವಂತಿರಲಿ, ಆಜ್ಞೆಗಳನ್ನು ಬೇರೊಂದು ಚಿಪ್‌ನಲ್ಲಿ ಬರೆದಿಡೋಣ ಎಂದು ಅವರು ಸೂಚಿಸಿದರು.

ನಮ್ಮ ಯಕ್ಷಗಾನವನ್ನು ನೆನೆಯಿರಿ. ಒಂದೇ ಪಾತ್ರವನ್ನು ಬಲ್ಲ ಹನ್ನೆರಡು ಮಂದಿಯನ್ನು ಕಟ್ಟಿಕೊಂಡ ಮೇಳ, ಪ್ರಸಂಗ ಬದಲಾದೊಡನೆ ಕಂಗೆಡುತ್ತದೆ. ಭಾಗವತರ ಪದಕ್ಕೆ ತಕ್ಕಂತೆ ಇಂದು ಕೃಷ್ಣನೂ ನಾಳೆ ಕೌರವನೂ ಆಗಬಲ್ಲ ಒಬ್ಬ ವೇಷಧಾರಿ ಇದ್ದರೆ ಪ್ರಸಂಗವನ್ನಷ್ಟೇ ಬದಲಾಯಿಸಿದರಾಯಿತು. ಮೈಕ್ರೊಪ್ರೊಸೆಸರ್ ಅಂಥ ವೇಷಧಾರಿ. ಆದರೆ ಅರ್ಥಗಾರಿಕೆಯಲ್ಲಿ ಸ್ವಂತದ್ದೊಂದು ಮಾತು ಸೇರಿಸುವ ಸ್ವಾತಂತ್ರ್ಯ ಅದಕ್ಕಿಲ್ಲ, ಬರೆದುಕೊಟ್ಟಷ್ಟನ್ನೇ ಕುಣಿಯುತ್ತದೆ.

ಆಲೋಚನೆ ಹಾಫ್ ಅವರದಾದರೂ ಅದನ್ನು ಸಿಲಿಕಾನ್ ತುಣುಕಿನ ಮೇಲೆ ಮೂಡಿಸಿದವರು 1970ರಲ್ಲಿ ಇಂಟೆಲ್ ಸೇರಿದ ಇಟಲಿಯ ಫೆಡೆರಿಕೊ ಫ್ಯಾಜಿನ್. ಸ್ಟ್ಯಾನ್ ಮೇಝರ್ ಹಾಗೂ ಬ್ಯುಸಿಕಾಮ್‌ನಿಂದ ಬಂದಿದ್ದ ಮಸಾತೋಷಿ ಶಿಮಾ ಅವರ ಶ್ರಮವೂ ಇದರಲ್ಲಿದೆ. 1971ರ ನವೆಂಬರ್ 15ರಂದು ಪ್ರಕಟವಾದ ಈ ಚಿಪ್‌ನ ಹೆಸರು 4004. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು 2,300. ಫ್ಯಾಜಿನ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಅದರ ಮೂಲೆಯಲ್ಲಿ ಕೆತ್ತಿದ್ದರು. ಈ ಚಿಪ್‌ನ ಹಕ್ಕು ಮೊದಲು ಬ್ಯುಸಿಕಾಮ್‌ನದಾಗಿತ್ತು. 60,000 ಡಾಲರ್ ಹಿಂದಿರುಗಿಸಿ, ಲೆಕ್ಕಯಂತ್ರಗಳ ಹೊರಗೆ ಅದನ್ನು ಮಾರುವ ಹಕ್ಕನ್ನು ಇಂಟೆಲ್ ಪಡೆಯಿತು. ಅಷ್ಟು ದೊಡ್ಡ ಭವಿಷ್ಯ ಅಷ್ಟು ಸಣ್ಣ ಮೊತ್ತಕ್ಕೆ ಕೈ ಬದಲಾಯಿಸಿತು.

ಮುಂದಿನ ಬೆಳವಣಿಗೆ ಬಲು ವೇಗದ್ದು. 1972ರಲ್ಲಿ 8008, 1974ರಲ್ಲಿ 8080. ಫ್ಯಾಜಿನ್ ಇಂಟೆಲ್ ಬಿಟ್ಟು ಝೈಲಾಗ್ ಕಂಪನಿ ಕಟ್ಟಿ 1976ರಲ್ಲಿ ಝಡ್-80 ತಂದರು. ಅದೇ ವರ್ಷ ಬಂದ ಇಂಟೆಲಿನ 8085 ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಪಠ್ಯವಾಯಿತು. ನನ್ನ ಶಿಷ್ಯರಲ್ಲಿ ಅನೇಕರು ಅದರ ಆಜ್ಞೆಗಳನ್ನು ಮಗ್ಗಿಯಂತೆ ಉರುಹೊಡೆದವರೇ. 1978ರ 8086ರಲ್ಲಿ ಟ್ರಾನ್ಸಿಸ್ಟರುಗಳ ಸಂಖ್ಯೆ 29,000ಕ್ಕೇರಿತು. ಐಬಿಎಂ ಭಾರತವನ್ನು ಬಿಟ್ಟುಹೋಗಿದ್ದ ಆ ದಿನಗಳಲ್ಲಿ, 1980ರ ದಶಕದ ಆರಂಭದಲ್ಲಿ ವಿಪ್ರೊ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಮೊದಲ ಕಂಪ್ಯೂಟರನ್ನು ಕಟ್ಟಿದ್ದು ಇದೇ 8086ರ ಮೇಲೆ.

ಹಾಗಾದರೆ ನಾನು ಬೀಗ ಹಾಕಿಟ್ಟ ಪೆಟ್ಟಿಗೆಯಲ್ಲಿ ಇದ್ದುದೇನು? 6502 ಎಂಬ ಪ್ರೊಸೆಸರ್. ಮೋಟೊರೋಲಾ ಕಂಪನಿಯಲ್ಲಿದ್ದ ಚಕ್ ಪೆಡಲ್ ಮತ್ತು ಸಂಗಡಿಗರು, ಚಿಪ್ ಅಗ್ಗವಾಗಬೇಕೆಂದು ಹಟ ತೊಟ್ಟು ಎಂಒಎಸ್ ಟೆಕ್ನಾಲಜಿ ಎಂಬ ಇನ್ನೊಂದು ಕಂಪನಿಗೆ ಹೋಗಿ ರೂಪಿಸಿದ್ದು ಅದು. ಇತರರ ಪ್ರೊಸೆಸರುಗಳು ನೂರಾರು ಡಾಲರ್ ಬೆಲೆ ಬಾಳುತ್ತಿದ್ದಾಗ 1975ರಲ್ಲಿ ಇದನ್ನು 25 ಡಾಲರಿಗೆ ಮಾರಿದರು. ಆಪಲ್ ಕಂಪನಿಯ ಮೊದಲ ಕಂಪ್ಯೂಟರುಗಳು ಹುಟ್ಟಿದ್ದು ಇದರಿಂದ. ಒಂದು ಶಾಲೆಯು ಕಂಪ್ಯೂಟರ್ ಕೊಳ್ಳುವ ಕನಸು ಕಾಣಲು ಸಾಧ್ಯವಾದದ್ದೂ ಚಿಪ್‌ಗಳು ಹೀಗೆ ಅಗ್ಗವಾದುದರಿಂದಲೇ. ಎಲ್ಲರ ಕೈಗೆ ಸಿಗಲೆಂದು ಅಗ್ಗವಾಗಿ ಮಾಡಿದ ವಸ್ತುವನ್ನು ನಾನು ಯಾರ ಕೈಗೂ ಸಿಗದಂತೆ ಕಾದಿದ್ದೆ.

ಇನ್ನೊಂದು ಸಂಗತಿ ತಿಳಿದಾಗ ನನ್ನ ಮನಸ್ಸು ಮತ್ತಷ್ಟು ಕಲಕಿತು. ಬಿಬಿಸಿ ಮೈಕ್ರೊ ತಯಾರಿಸಿದ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್, 6502ಕ್ಕಿಂತ ಮುಂದಿನದೊಂದನ್ನು ಹುಡುಕುತ್ತ ತಾವೇ ಪ್ರೊಸೆಸರ್ ರಚಿಸಲು ತೊಡಗಿದರು. 1985ರ ಏಪ್ರಿಲ್ 26ರಂದು ಆ ಚಿಪ್ ತಯಾರಾಗಿ ಬಂದು ಮೊದಲ ಪರೀಕ್ಷೆಯಲ್ಲೇ ಕೆಲಸ ಮಾಡಿತು. ಅದಕ್ಕೆ ತಗಲುತ್ತಿದ್ದ ವಿದ್ಯುತ್ ಅತ್ಯಲ್ಪ. ಅದನ್ನು ಮೊದಲು ಜೋಡಿಸಿ ಬಳಸಿದ್ದು ಬಿಬಿಸಿ ಮೈಕ್ರೊವಿಗೇ. ಅದರ ಹೆಸರು ಆರ್ಮ್. ಇಂದು ನಿಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲ್ ಫೋನಿನ ಪ್ರೊಸೆಸರ್ ಬಹುಪಾಲು ಅದೇ ವಂಶದ್ದು. ಆ ವಂಶದ ತವರುಮನೆಯ ಯಂತ್ರವೊಂದು ನಮ್ಮೂರಲ್ಲಿ ಬಟ್ಟೆ ಹೊದ್ದು ಕುಳಿತಿತ್ತು.

ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಇಂಟೆಲಿನ ಬೆಂಗಳೂರು ತಂಡ ರೂಪಿಸಿದ 'ಡನ್ನಿಂಗ್‌ಟನ್' ಎಂಬ ಪ್ರೊಸೆಸರ್ 2008ರಲ್ಲಿ ಹೊರಬಂದಾಗ ಅದರಲ್ಲಿದ್ದ ಟ್ರಾನ್ಸಿಸ್ಟರುಗಳು 190 ಕೋಟಿ. 4004ರ ಎಂಟು ಲಕ್ಷ ಪಟ್ಟಿಗೂ ಹೆಚ್ಚು. ಒಳಗೆ ಏನಿದೆ ಎಂದು ಕೇಳುವವರಿಗೆ ನಮ್ಮ ರಾಜ್ಯದಲ್ಲೇ ಕೆಲಸ ಕಾದಿತ್ತು ಎಂದಾಯಿತು. ಕೇಳಬೇಡವೆಂದು ಕಲಿಸಿದವನು ನಾನು.

ಬ್ರಹ್ಮಾವರದ ಶಾಲೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿ, ಮಕ್ಕಳ ಎದುರಿಗೇ ಅವರ ಟೀಚರಲ್ಲಿ ಕ್ಷಮೆ ಕೇಳಿದೆ. ಆಕೆ, "ಅಯ್ಯೋ, ಬಿಡಿ ಸರ್" ಎಂದು ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರನ್ನು ತಂದಿರಿಸಿ, ಒಬ್ಬ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು. ಮುಚ್ಚಳ ತೆಗೆದಾಗ ಮಕ್ಕಳ ಜೊತೆಗೆ ನಾನೂ ಬಗ್ಗಿ ನೋಡಿದೆ.

ನನ್ನ ತರಗತಿಯಲ್ಲಿ ಹೀಗೆ ಪ್ರಶ್ನೆ ನುಂಗಿಕೊಂಡು ಕುಳಿತವರು ನಿಮ್ಮಲ್ಲಿ ಇನ್ನೂ ಎಷ್ಟು ಮಂದಿ ಇದ್ದೀರೋ ತಿಳಿಯದು. ದಯಮಾಡಿ ಈಗ ಕೇಳಿ. ಉತ್ತರ ಗೊತ್ತಿದ್ದರೆ ಬರೆಯುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆದು, ಓದಿ ತಿಳಿದುಕೊಳ್ಳುತ್ತೇನೆ.