ಕಲಬುರಗಿಯ ಸೀಮೆಯಲ್ಲಿ ಹಕ್ಕಿಗಾವಲು

ಕಲಬುರಗಿಯ ಶ್ರೀ ಶರಣಬಸವೇಶ್ವರರ (1746–1822) ಚರಿತ್ರೆಯಲ್ಲಿ ಬರುವ ಹೊಲಗಾವಲಿನ ಪ್ರಸಂಗವನ್ನು ಕೇಳದವರು ಆ ಸೀಮೆಯಲ್ಲಿ ವಿರಳ. ಈಗಿನ ಜೇವರಗಿ ತಾಲ್ಲೂಕಿಗೆ ಸೇರಿದ ಅರಳಗುಂಡಗಿಯಲ್ಲಿ, ಒಕ್ಕಲುತನದ ಮನೆಯಲ್ಲಿ ಜನಿಸಿದ ಅವರಿಗೆ ತೆನೆ ಕಟ್ಟಿದ ಜೋಳದ ಹೊಲವನ್ನು ಕಾಯುವ ಕೆಲಸವು ಒದಗಿತು. ಅವರಾದರೋ ಕವಣೆಯನ್ನು ಬೀಸಲಿಲ್ಲ, ಕೂಗಲಿಲ್ಲ. ಬಂದ ಹಕ್ಕಿಗಳೆಲ್ಲವೂ ಹೊಟ್ಟೆ ತುಂಬ ತಿನ್ನಲೆಂದು ಬಿಟ್ಟುದಲ್ಲದೆ ಅವುಗಳ ನೀರಡಿಕೆಗೆಂದು ನೀರನ್ನೂ ಇರಿಸಿದರು. ನೋಡಿದವರು ಬೆಳೆ ಹಾಳಾಯಿತೆಂದು ದೂರಿದರು. ರಾಶಿಯ ಕಾಲಕ್ಕೆ ಮಾತ್ರ ನೆರೆಹೊರೆಯ ಹೊಲಗಳಿಗಿಂತ ಆ ಹೊಲದಲ್ಲಿಯೇ ಹೆಚ್ಚಾಗಿ ಕಾಳು ಬಂದಿತೆಂದು ಪ್ರತೀತಿಯಿದೆ. ಕಥೆಯನ್ನು ಹೇಳುವವರಲ್ಲಿ ವಿವರಗಳು ಬೇರೆಬೇರೆಯಾಗಿದ್ದರೂ ಕವಣೆಯನ್ನು ಬಿಟ್ಟುದು, ನೀರನ್ನು ಇಟ್ಟುದು, ರಾಶಿಯು ಹೆಚ್ಚಿದುದು ಎಂಬ ಮೂರಂಶಗಳು ಸಾಮಾನ್ಯವಾಗಿ ಬದಲಾಗುವುದಿಲ್ಲ.

ಇದನ್ನು ಪವಾಡವೆಂದು ನಂಬುವವರಿಗೆ ವಿಚಾರಣೆಯ ಆವಶ್ಯಕತೆಯಿಲ್ಲ. ಕಟ್ಟುಕಥೆಯೆಂದು ತಳ್ಳುವವರಿಗೂ ಇಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ನೋಡುವವನಿಗೆ ಈ ಕಥೆಯು ಬೇರೊಂದು ಸಂಗತಿಗೆ ಸಾಕ್ಷಿಯಾಗಿದೆ. ಹಕ್ಕಿಯನ್ನು ಹೊಡೆಯದಿರುವುದು ಜನರಿಗೆ ಸೋಜಿಗವಾಗಿ ಕಂಡಿತೆಂದರೆ, ಹೊಡೆಯುವುದೇ ನಿತ್ಯದ ರೂಢಿಯಾಗಿತ್ತೆಂಬುದು ಸ್ಪಷ್ಟ. ಬೆಳೆಯನ್ನೂ ಉಳಿಸಿಕೊಂಡು ಹಕ್ಕಿಯ ಪ್ರಾಣವನ್ನೂ ಉಳಿಸುವ ಬಗೆ ಯಾವುದು, ಹಾಗೆ ಉಳಿಸುವಾಗ ಆಗುವ ನಷ್ಟವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆಗಳು ಈ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ನಡೆದುಬಂದಿವೆ.

ಹಕ್ಕಿಗಳ ಕಾಟವನ್ನು ಪ್ರಾಚೀನರು ಅಲ್ಪವೆಂದು ಎಣಿಸಿರಲಿಲ್ಲ. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಗಡಿಯ ಬಳಿಗೆ ಬಂದ ಅರಸರು ಎಂಬ ಆರನ್ನೂ ಒಂದೇ ಸಾಲಿನಲ್ಲಿ ಎಣಿಸಿ ಅವನ್ನು ಈತಿಬಾಧೆಗಳೆಂದು ಕರೆದರು. ಗಿಳಿಯ ಹಿಂಡನ್ನು ಶತ್ರುಸೈನ್ಯದ ಪಂಕ್ತಿಯಲ್ಲಿ ಕೂರಿಸಿದುದು ಕವಿಯ ಉತ್ಪ್ರೇಕ್ಷೆಯಲ್ಲ, ಒಕ್ಕಲಿಗನ ಅನುಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯವಾಗಿ ಎರಡು ಮಾತುಗಳಿವೆ. ಅವು ಒಂದಕ್ಕೊಂದು ಹೊಂದುವುದಿಲ್ಲವೆಂದೇ ಹೇಳಬೇಕು. ಎರಡನೆಯ ಅಧಿಕರಣದಲ್ಲಿ, ವಧಶಾಲೆಯ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಹಂಸ, ಚಕ್ರವಾಕ, ಕ್ರೌಂಚ, ನವಿಲು, ಗಿಳಿ ಮುಂತಾದುವನ್ನು ಹಿಂಸೆಗೆ ಗುರಿಮಾಡದೆ ಕಾಪಾಡಬೇಕೆಂದಿದೆ. ನಾಲ್ಕನೆಯ ಅಧಿಕರಣದಲ್ಲಿಯಾದರೆ, ಇಲಿಗಳ ಉಪದ್ರವಕ್ಕೆ ಬೆಕ್ಕು ಮುಂಗುಸಿಗಳನ್ನು ಬಿಡುವುದು, ವಿಷ ಬೆರೆಸಿದ ಧಾನ್ಯವನ್ನು ಎರಚುವುದು ಮೊದಲಾದ ಉಪಾಯಗಳನ್ನು ವಿಧಿಸಿ, ಮಿಡತೆ, ಹಕ್ಕಿ, ಹುಳುಗಳ ಭಯಕ್ಕೂ ಪರಿಹಾರವನ್ನು ಇದರಿಂದಲೇ ತಿಳಿದುಕೊಳ್ಳತಕ್ಕದ್ದೆಂದು ಮುಗಿಸಲಾಗಿದೆ. ಅರಣ್ಯದ ಗಿಳಿಯು ರಕ್ಷಣೆಗೆ ಅರ್ಹವಾದುದು. ಹೊಲಕ್ಕೆ ಇಳಿದ ಗಿಳಿಯು ಇಲಿಗೆ ಸಮಾನ. ರಾಜ್ಯತಂತ್ರವನ್ನು ಬಲ್ಲವನ ಈ ಇಬ್ಬಂದಿಯು ಇಂದಿಗೂ ತೀರಿದಂತಿಲ್ಲ.

ಅಶೋಕನು ಪಟ್ಟಾಭಿಷಿಕ್ತನಾದ 26 ವರ್ಷಗಳ ಮೇಲೆ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಗಿಳಿ, ಗೊರವಂಕ, ಚಕ್ರವಾಕಗಳೊಡನೆ ಹಂಸದ ಹೆಸರೂ ಅದರಲ್ಲಿ ಸೇರಿದೆ. ಅದೇ ಶಾಸನದಲ್ಲಿ ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂಬ ವಿಧಿಯೂ ಬರುತ್ತದೆ; ಇದು ಕಣದ ಕೆಲಸವನ್ನು ಬಲ್ಲವರು ಹೇಳಿಸಿದ ಮಾತೆಂಬುದರಲ್ಲಿ ಸಂಶಯವಿಲ್ಲ. ಆ ಸ್ತಂಭಗಳು ಉತ್ತರದೇಶದವು. ಆದರೂ ಅಶೋಕನ ಮಾತು ಭೀಮಾತೀರಕ್ಕೆ ಹೊಸದಾಗಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅವನ 12 ಮತ್ತು 14ನೆಯ ಶಿಲಾಶಾಸನಗಳ ಭಾಗಗಳೂ ಎರಡು ಪ್ರತ್ಯೇಕ ಶಾಸನಗಳೂ 1980ರ ದಶಕದಲ್ಲಿ ಬೆಳಕಿಗೆ ಬಂದುವು. ಸನ್ನತಿಯ ಕಲ್ಲಿನಲ್ಲಿ ಹಕ್ಕಿಗಳ ಪಟ್ಟಿ ಇಲ್ಲವಾದುದರಿಂದ, ಆ ವಿಧಿಯು ಈ ಸೀಮೆಯಲ್ಲಿ ಜಾರಿಯಲ್ಲಿತ್ತೆಂದು ಸಾಧಿಸಹೊರಡುವುದು ಅತಿಯಾದೀತು.

ಶಾಸನದ ಹಂಸವು ಯಾವ ಹಕ್ಕಿ? ಹಾಲು ನೀರುಗಳನ್ನು ಬೇರ್ಪಡಿಸುವ ಕವಿಸಮಯದ ಬಿಳಿಯ ಹಂಸವನ್ನು ಹೊಲದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಡಚ್ ವಿದ್ವಾಂಸ ಫೋಗೆಲ್ ಅವರು 1962ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಭಾರತದ ಸಾಹಿತ್ಯಶಿಲ್ಪಗಳ ಹಂಸವು ಕಾಡು ಹೆಬ್ಬಾತೇ ಎಂದು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತು ಮಂಗೋಲಿಯ, ಟಿಬೆಟ್ಟು, ಲಡಾಖುಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಚಳಿಗಾಲಕ್ಕೆ ದಕ್ಷಿಣದ ಕೆರೆಗಳಿಗೆ ಬರುತ್ತದೆ. ಕಾರ್ತಿಕದ ಹೊತ್ತಿಗೆ ಬಂದು ಮತ್ತೆ ಮಾನಸಸರೋವರದ ದಿಕ್ಕಿಗೆ ಮರಳುವ ಹಂಸದ ವರ್ಣನೆಗೆ ಇದಕ್ಕಿಂತ ಒಪ್ಪುವ ಹಕ್ಕಿಯು ಬೇರೆಯಿಲ್ಲ. ಹಳಗನ್ನಡದಲ್ಲಿ ಹಂಸಕ್ಕೆ ‘ಅಂಚೆ’ ಎಂಬ ತದ್ಭವವುಂಟು. ಓಲೆ ಸಾಗಿಸುವ ಇಂದಿನ ಅಂಚೆಗೂ ಅದಕ್ಕೂ ನಂಟು ಕಲ್ಪಿಸುವವರಿದ್ದಾರೆ, ಆ ಚರ್ಚೆ ಇಲ್ಲಿ ಬೇಡ.

ಹಳೆಯ ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಸುರಪುರ ಸೀಮೆಯ ಬೋನಾಳದ ಕೆರೆಯು ಈಗ ಯಾದಗಿರಿ ಜಿಲ್ಲೆಯಲ್ಲಿ ಪಕ್ಷಿಧಾಮವಾಗಿದೆ; ಅಲ್ಲಿಗೆ ಬರುವ ಹಕ್ಕಿಗಳಲ್ಲಿ ಈ ಹೆಬ್ಬಾತೂ ಒಂದು. ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಅವು ನೆಲಸುವುದು ಗದಗ ಜಿಲ್ಲೆಯ ಮಾಗಡಿಯ ಕೆರೆಯಲ್ಲಿ. ಮಳೆನೀರನ್ನು ನಿಲ್ಲಿಸಿ ನೀರಾವರಿಗೆ ಬಳಸಲೆಂದು ಕಟ್ಟಿದ ಆ ಕೆರೆಯು ಸುಮಾರು 50 ಹೆಕ್ಟೇರುಗಳಷ್ಟು ಮಾತ್ರ. ಅಲ್ಲಿಗೆ ಪ್ರತಿವರ್ಷ ಎಂಟು ಸಾವಿರದಷ್ಟು ಹಕ್ಕಿಗಳು ಬರುತ್ತವೆಂದು ಲೆಕ್ಕ. 2024ರಲ್ಲಿ ಅದಕ್ಕೆ ರಾಮ್ಸರ್ ಒಪ್ಪಂದದ ಮಾನ್ಯತೆಯು ದೊರೆಯಿತು. ಮನುಷ್ಯನು ಬೆಳೆಗಾಗಿ ಕಟ್ಟಿದ ಕೆರೆಯೇ ಬೆಳೆಯನ್ನು ಮೇಯುವ ಹಕ್ಕಿಗೆ ಬಿಡಾರವಾಯಿತೆಂಬುದನ್ನು ಗಮನಿಸಬೇಕು. ಹೆಬ್ಬಾತು ಹಗಲಿನ ಬಹುಭಾಗವನ್ನು ನೀರಿನ ಅಂಚಿನಲ್ಲಿ ಕಳೆದು, ಇರುಳಿನಲ್ಲಿಯೂ ನಸುಕಿನಲ್ಲಿಯೂ ಹೊಲಗಳಿಗೆ ಇಳಿದು ಎಳೆಯ ಪೈರನ್ನೂ ಉದುರಿದ ಕಾಳನ್ನೂ ಮೇಯುತ್ತದೆ.

ಈ ಹಕ್ಕಿಯ ಸ್ವಭಾವವನ್ನು ಬಲ್ಲವರಿಗೆ ಅದನ್ನು ನೋಯಿಸದೆ ದೂರವಿಡುವ ಉಪಾಯವೂ ತಿಳಿಯುತ್ತದೆ. ಹೆಬ್ಬಾತಿಗೆ ಬೇಕಾದುದು ಗಿಡ್ಡ ಪೈರು, ಬಯಲು ನೆಲ, ನಾಲ್ಕು ದಿಕ್ಕಿಗೂ ತಡೆಯಿಲ್ಲದ ನೋಟ. ನರಿ ಅಡಗಬಹುದಾದ ಎತ್ತರದ ಬೆಳೆಯೊಳಕ್ಕೆ ಅದು ಸಾಮಾನ್ಯವಾಗಿ ಇಳಿಯುವುದಿಲ್ಲ. ಆದಕಾರಣ ಆಳೆತ್ತರದ ಜೋಳ, ತೊಗರಿಗಳಿಂದ ತುಂಬಿದ ಕಲಬುರಗಿಯ ಎರೆಭೂಮಿಗೆ ಅದರ ಭಯವು ಕಡಿಮೆ. ನೀರಿನ ದಡದಲ್ಲಿ ಕಡಲೆಯನ್ನೋ ಗೋದಿಯನ್ನೋ ಬಿತ್ತಿದವನಿಗೆ ಹೆಚ್ಚು. ಅಮೇರಿಕಾಖಂಡದಲ್ಲಿ ಕೆನಡಾದ ಹೆಬ್ಬಾತುಗಳು ಊರೊಳಗಿನ ಹುಲ್ಲುಹಾಸುಗಳಿಗೆ ಮುತ್ತಿ ಹೊಲಸು ಮಾಡುವುದಕ್ಕೂ ಕಾರಣವು ಇದೇ: ಕತ್ತರಿಸಿದ ಹುಲ್ಲು, ಪಕ್ಕದಲ್ಲಿ ಕೊಳ. ಅಲ್ಲಿ ಕೊಳದ ಸುತ್ತ ಎತ್ತರದ ಹುಲ್ಲನ್ನು ಬೆಳೆಯಿಸುವುದು, ತರಬೇತಾದ ನಾಯಿಗಳಿಂದ ಬೆದರಿಸುವುದು, ತಿನಿಸು ಹಾಕದಂತೆ ಜನರನ್ನು ತಡೆಯುವುದು ಮುಂತಾದ ಕ್ರಮಗಳು ಬಳಕೆಯಲ್ಲಿವೆ. 2009ರ ಜನವರಿಯಲ್ಲಿ ವಿಮಾನವೊಂದಕ್ಕೆ ಹೆಬ್ಬಾತುಗಳು ಬಡಿದು ಅದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಯಬೇಕಾಗಿ ಬಂದ ಬಳಿಕ, ಆ ನಗರದ ಸುತ್ತಲಿನ ಹೆಬ್ಬಾತುಗಳನ್ನು ಹಿಡಿದು ಕೊಂದುದೂ ಉಂಟು.

ಮತ್ತೆ ಈ ನಾಡಿನ ಧರ್ಮಶಾಸ್ತ್ರದ ಕಡೆಗೆ ಬರಬಹುದು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಹೋದರೆ ಆ ಕಲ್ಯಾಣವು ಸಿಕ್ಕುತ್ತದೆ. ಬೆಳೆಯನ್ನು ಹಾಳುಮಾಡಿದ ಎಮ್ಮೆಗೆ 8 ಮಾಷ, ಹಸುವಿಗೆ ಅದರರ್ಧ, ಆಡು ಕುರಿಗಳಿಗೆ ಅದರರ್ಧ ದಂಡವೆಂದು ಸ್ಮೃತಿಯು ವಿಧಿಸಿದೆ. ಮನುವಾದರೋ ಬೇಲಿಯ ಎತ್ತರವನ್ನೂ ಹೇಳಿದ್ದಾನೆ: ಒಂಟೆಯು ಇಣಿಕಿ ನೋಡಬಾರದು, ನಾಯಿ ಹಂದಿಗಳ ಮೂತಿ ತೂರುವಷ್ಟು ಕಂಡಿಯೂ ಇರಬಾರದು. ಈ ದಂಡಗಳೆಲ್ಲವೂ ಒಡೆಯನುಳ್ಳ ದನಕರುಗಳ ಮೇಲೆ. ಹಕ್ಕಿಗೆ ಒಡೆಯನಿಲ್ಲ, ಬೇಲಿಯೂ ತಡೆಯಲ್ಲ. ಆದುದರಿಂದ ಹಕ್ಕಿಯಿಂದಾದ ನಷ್ಟವನ್ನು ಯಾರಲ್ಲಿಯೂ ಕೇಳುವಂತಿಲ್ಲ. ಹೊಲದವನೇ ಕಾಯಬೇಕು, ಇಲ್ಲವೆ ಕಳೆದುಕೊಳ್ಳಬೇಕು.

ಆ ಕಾಯುವ ಕೆಲಸವು ಹೆಚ್ಚಾಗಿ ಹೆಂಗಸರ ಮಕ್ಕಳ ಪಾಲಿಗೆ ಬಂದಿತು. ಹಾಲನ ಗಾಥಾಸಪ್ತಶತಿಯಲ್ಲಿ ನೆಲ್ಲನ್ನು ಕಾಯುವ ಹಳ್ಳಿಯ ಹೆಣ್ಣುಗಳಿದ್ದಾರೆ. ಕಾಳಿದಾಸನ ರಘುವಂಶದಲ್ಲಿ ಅವರು ಕಬ್ಬಿನ ನೆಳಲಿನಲ್ಲಿ ಕುಳಿತು ಅರಸನ ಕೀರ್ತಿಯನ್ನು ಹಾಡುತ್ತಾರೆ. ತಮಿಳಿನ ಸಂಘಕಾವ್ಯಗಳಲ್ಲಿ ನವಣೆಯ ಹೊಲದ ಅಟ್ಟದ ಮೇಲಿನಿಂದ ಗಿಳಿಗಳನ್ನು ಎಬ್ಬಿಸುತ್ತಾರೆ. ಹಳಗನ್ನಡದ ಕವಿಗಳಿಗೂ ಗಿಳಿಯನ್ನು ಸೋವುವ ಪಾಮರಿಯರು ಬಹಳ ಪ್ರಿಯರು. ಹೀಗೆ ಹಕ್ಕಿಯನ್ನು ಅಟ್ಟುವುದಕ್ಕೆಂದೇ ‘ಸೋವು’ ಎಂಬ ಮಾತು ನಮ್ಮ ಭಾಷೆಯಲ್ಲಿದ್ದಿತು. ಅದರಲ್ಲಿ ಕೊಲ್ಲುವ ಅರ್ಥವಿಲ್ಲ, ಎಬ್ಬಿಸಿ ಕಳುಹಿಸುವ ಅರ್ಥವಿದೆ. ಆದರೆ ಕಾವ್ಯಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಬೆಳಗಿನಿಂದ ಬೈಗಿನವರೆಗೆ ಬಿಸಿಲಿನಲ್ಲಿ ಕೂಗಿದವಳ ಗಂಟಲಿನ ನೋವನ್ನು ಕವಿಗಳು ಬರೆಯಲಿಲ್ಲ. ಅವಳ ದನಿಯ ಇಂಪನ್ನು ಮಾತ್ರ ಬರೆದರು.

ಅರಮನೆಯವರ ರೀತಿಯೇ ಬೇರೆ. ಅದೇ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಡೇಗೆಗಳನ್ನು ಪಳಗಿಸಿ ಹಕ್ಕಿಗಳ ಮೇಲೆ ಬಿಡುವ ವಿನೋದಕ್ಕೆ ಪ್ರತ್ಯೇಕವಾದ ಪ್ರಕರಣವೇ ಇದೆ. ಅಲ್ಲಿ ಹಕ್ಕಿಯ ಸಾವು ಬೆಳೆಗಾಗಿ ಅಲ್ಲ, ಆಟಕ್ಕಾಗಿ.

ಕಲಬುರಗಿಯ ಸೀಮೆಯ ಹಿಂಗಾರಿ ಜೋಳಕ್ಕೆ ಬರುವ ಹಕ್ಕಿಗಳಲ್ಲಿ ಗುಬ್ಬಿ, ಗಿಳಿ, ಬೆಳವಗಳಲ್ಲದೆ ಮಧ್ಯ ಏಷ್ಯದಿಂದ ಹಿಂಡುಹಿಂಡಾಗಿ ಬರುವ ಗುಲಾಬಿ ಕಬ್ಬಕ್ಕಿಯು ಮುಖ್ಯವಾದುದು. ತೆನೆಯು ಹಾಲುಗಾಳಾದಂದಿನಿಂದ ಕೊಯ್ಲಿನವರೆಗೆ ಕಾವಲು ಬೇಕು. ಹೊಲದ ನಡುವೆ ನಾಲ್ಕು ಕಂಬಗಳ ಮೇಲೆ ಮಂಚಿಕೆ, ಕೈಯಲ್ಲಿ ಕವಣೆ, ಹಲಗೆ ಅಥವಾ ತಗಡಿನ ಡಬ್ಬಿ, ಹಳೆಯ ಅಂಗಿ ತೊಡಿಸಿದ ಬೆದರುಬೊಂಬೆ: ಸಾಧನಗಳು ಇಷ್ಟೇ. ಇತ್ತೀಚೆಗೆ ಬಿಸಿಲಿಗೆ ಮಿನುಗುವ ಪಟ್ಟಿಗಳನ್ನು ಕಟ್ಟುವುದೂ ಬಂದಿದೆ. ಇವುಗಳಲ್ಲಿ ಕವಣೆಯೊಂದೇ ಕೊಲ್ಲಬಲ್ಲುದು. ಬೊಂಬೆಯು ಎಂತಹ ದಯಾಪರವಾದ ಉಪಾಯವಾದರೂ ಕೆಲವು ದಿನಗಳಲ್ಲಿಯೇ ಹಕ್ಕಿಗಳು ಅದಕ್ಕೆ ಅಂಜದಾಗುತ್ತವೆ. ಜಾಗವನ್ನು ಬದಲಿಸುತ್ತಿದ್ದರೆ ಮಾತ್ರ ಪ್ರಯೋಜನ. ಕಮಲಾಪುರದ ಪ್ರಸಿದ್ಧವಾದ ಕೆಂಪುಬಾಳೆಯಂತಹ ಬೆಳೆಯ ಸಂಗತಿಯೇ ಬೇರೆ. ಬಾಳೆಯ ಗೊನೆಗೆ ಒಣಗಿದ ಎಲೆಯನ್ನೋ ಚೀಲವನ್ನೋ ಹೊದಿಸಿ ಮರೆಮಾಡಬಹುದು; ಎಕರೆಗಟ್ಟಲೆಯ ಜೋಳಕ್ಕೆ ಹೊದಿಕೆಯೆಲ್ಲಿಂದ ಬರಬೇಕು?

ಸದ್ದು ಮಾಡುವುದು ಅಹಿಂಸೆಯ ಉಪಾಯವೆಂದು ಎಲ್ಲ ಕಾಲಕ್ಕೂ ಹೇಳುವಂತಿಲ್ಲ. 1958ರಲ್ಲಿ ಚೀನಾದೇಶದಲ್ಲಿ ಗುಬ್ಬಿಗಳನ್ನು ನಿರ್ಮೂಲ ಮಾಡಹೊರಟಾಗ, ಊರಿಗೆ ಊರೇ ಹೊರಗೆ ಬಂದು ಜಾಗಟೆ, ತಪ್ಪಲೆಗಳನ್ನು ಬಡಿದು, ಹಕ್ಕಿಗಳು ಎಲ್ಲಿಯೂ ಕೂಡದಂತೆ ಮಾಡಿ, ಅವು ದಣಿದು ಸತ್ತು ಬೀಳುವವರೆಗೂ ಬಿಡಲಿಲ್ಲ. ಬಳಿಕ ಹುಳುಗಳ ಹಾವಳಿ ಮಿತಿಮೀರಿತು. 1960ರಲ್ಲಿ ಗುಬ್ಬಿಯ ಹೆಸರನ್ನು ಉಪದ್ರವಗಳ ಪಟ್ಟಿಯಿಂದ ತೆಗೆಯಲಾಯಿತು. ಜೋಳದ ಹೊಲದಲ್ಲಿ ಕಳ್ಳನೆನಿಸುವ ಗುಲಾಬಿ ಕಬ್ಬಕ್ಕಿಯೂ ತನ್ನ ತವರಿನಲ್ಲಿ ಮಿಡತೆಗಳನ್ನು ತಿಂದು ರೈತನ ಮಿತ್ರನೆನಿಸಿದೆ.

ಇದನ್ನು ಕಂಡು, ಶರಣಬಸವೇಶ್ವರರ ಹೊಲದ ರಾಶಿಯು ಹೆಚ್ಚಿದುದಕ್ಕೆ ಹಕ್ಕಿಗಳು ಹುಳುಗಳನ್ನು ತಿಂದುದೇ ಕಾರಣವೆಂದು ಹೇಳುವ ಚಪಲವುಂಟಾಗಬಹುದು. ಅದು ತರವಲ್ಲ. ಹಾಲುಗಾಳಿಗೆ ಬಂದ ಗಿಳಿಯು ಕಾಳನ್ನೇ ತಿನ್ನುತ್ತದೆ. ಭಕ್ತರ ಶ್ರದ್ಧೆಯ ಮಾತಿಗೆ ಕೃಷಿಶಾಸ್ತ್ರದ ಊರೆಯನ್ನು ಕೊಡುವುದರಿಂದ ಎರಡಕ್ಕೂ ಗೌರವವಿಲ್ಲ. ಕಥೆಯಲ್ಲಿ ನಿಜವಾಗಿಯೂ ವಿಚಾರಾರ್ಹವಾದುದು ನೀರಿನ ಸಂಗತಿ. ಕಾವಲಿಗೆ ಬಂದವನು ಹಕ್ಕಿಯನ್ನು ಅಟ್ಟದೆ ಸುಮ್ಮನಿದ್ದರೆ ಅದು ಉದಾಸೀನವೂ ಆಗಿರಬಹುದು. ನೀರಿಟ್ಟವನು ಅವುಗಳನ್ನು ಕಳ್ಳರ ಲೆಕ್ಕದಿಂದ ತೆಗೆದು ಅತಿಥಿಗಳ ಲೆಕ್ಕಕ್ಕೆ ಸೇರಿಸಿದನು. ಮುಂದೆ ಕಲಬುರಗಿಯಲ್ಲಿ ನೆಲಸಿ ಮಹಾದಾಸೋಹಿಯೆನಿಸಿದವರ ಬಾಳಿನ ಕ್ರಮವೆಲ್ಲವೂ ಆ ಹೊಲದಲ್ಲಿಯೇ ಮೊಳೆತಿತ್ತೆಂಬುದು ಕಥೆಯನ್ನು ಉಳಿಸಿಕೊಂಡು ಬಂದವರ ಅಭಿಪ್ರಾಯವಾಗಿರಬೇಕು. ಬೆಳೆ ಹಾಳಾಯಿತೆಂದು ದೂರಿದವರನ್ನು ಮಾತ್ರ ಕಥೆಯು ತುಸು ಅವಸರದಿಂದ ಬಾಯಿಮುಚ್ಚಿಸುತ್ತದೆ. ತನ್ನ ಪಾಲಿನ ಕಾಳನ್ನು ಬಿಟ್ಟುಕೊಡುವುದು ಒಬ್ಬನ ದಾಸೋಹ. ಒಟ್ಟು ಮನೆಯ ಕಾಳನ್ನು ಬಿಟ್ಟುಕೊಡುವಾಗ ಅದನ್ನು ನಂಬಿ ಕುಳಿತವರ ಊಟದ ಮಾತೂ ಬರುತ್ತದೆ. ಕೂಲಿಗೆ ಹೊಲ ಕಾಯುವವಳಿಗಂತೂ ಆ ಔದಾರ್ಯಕ್ಕೆ ಅವಕಾಶವೇ ಇಲ್ಲ.

ಈ ತೊಡಕಿಗೆ ಒಕ್ಕಲಿಗರು ತಮ್ಮದೇ ಆದ ಮಿತಿಯನ್ನು ಗೊತ್ತುಮಾಡಿಕೊಂಡಂತೆ ತೋರುತ್ತದೆ. ಕಲಬುರಗಿ, ಬೀದರ, ವಿಜಯಪುರಗಳ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಸಜ್ಜೆಯ ಕಡುಬು, ಭಜ್ಜಿ ಮುಂತಾದ ಅಡಿಗೆಯನ್ನು ಪೈರಿನ ನಡುವೆ ನಾಲ್ಕು ದಿಕ್ಕಿಗೂ ಎರಚುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಜೋಳವು ತೆನೆಗೆ ಬರುವ, ಹೆಬ್ಬಾತು ಕೆರೆಗಳಲ್ಲಿ ನೆಲಸಿರುವ ಕಾಲವೂ ಅದೇ. ಪೂಜೆಯನ್ನು ಮುಗಿಸಿ ಎಲ್ಲರೂ ಬನ್ನಿಯ ಮರದ ನೆಳಲಿನಲ್ಲಿ ಊಟಕ್ಕೆ ಕುಳಿತಿರುವಾಗ, ಎರಚಿದ ಚರಗವನ್ನು ಹಕ್ಕಿಗಳು ಬಂದು ತಿನ್ನುತ್ತವೆ. ಅವನ್ನು ಯಾರೂ ಎಬ್ಬಿಸುವುದಿಲ್ಲ. ಮರುದಿನ ಬೆಳಗ್ಗೆ ಮಂಚಿಕೆಯ ಮೇಲೆ ಕಾವಲಿನ ಕೂಗು ಮತ್ತೆ ಕೇಳಿಬರುತ್ತದೆ.