ನೆಲದ ಮೇಲಿಟ್ಟ ಗಾಜಿನ ಲೋಟ



ಶನಿವಾರ ಸಂಜೆ ಚರ್ಚಿನಲ್ಲಿ ಹೂ ಜೋಡಿಸುವುದು ನಮ್ಮ ಯುವಜನರ ಪಾಳಿ. ಕಳೆದ ಹಬ್ಬಕ್ಕೆ ಹೂ ಹೆಚ್ಚಿದಷ್ಟೂ ಭಕ್ತಿ ಹೆಚ್ಚು ಎಂದುಕೊಂಡು ಬಲಿಪೀಠವೇ ಕಾಣದಷ್ಟು ತುಂಬಿಸಿದೆವು. ಮೂರನೇ ದಿನ ಗಾಜಿನ ಹೂದಾನಿಗಳ ನೀರು ಕಲಕಿ ನಾರುತ್ತಿತ್ತು. ತೊಳೆಯುವಾಗ ನನಗೆ ನೆನಪಾದದ್ದು 500 ವರ್ಷಗಳಿಗೂ ಹಿಂದಿನ ಒಂದು ಗಾಜಿನ ಲೋಟ.

ಅದು ಇರುವುದು ಒಂದು ಚಿತ್ರದಲ್ಲಿ. ಇಂದಿನ ಬೆಲ್ಜಿಯಂಗೆ ಸೇರಿದ ಫ್ಲಾಂಡರ್ಸ್ ನಾಡಿನ ಚಿತ್ರಕಾರ ಹ್ಯೂಗೋ ವಾನ್ ಡರ್ ಗೂಸ್ ಸುಮಾರು 1475ರಲ್ಲಿ ಕ್ರಿಸ್ತಜನನದ ಪೀಠಚಿತ್ರವೊಂದನ್ನು ಬರೆದರು. ಬರೆಸಿದವರು ಬ್ರೂಜ್ ಪಟ್ಟಣದಲ್ಲಿ ಮೆಡಿಚಿ ಬ್ಯಾಂಕಿನ ಪ್ರತಿನಿಧಿಯಾಗಿದ್ದ ತೊಮ್ಮಾಸೊ ಪೋರ್ತಿನಾರಿ. ಎರಡೂ ಬದಿಯ ಬಾಗಿಲುಗಳನ್ನು ತೆರೆದರೆ ಚಿತ್ರದ ಅಗಲ ಸುಮಾರು 5.8 ಮೀಟರ್. 1483ರಲ್ಲಿ ಅದು ಸಮುದ್ರಮಾರ್ಗವಾಗಿ ಇಟಲಿಗೆ ಬಂದು ಫ್ಲಾರೆನ್ಸಿನ ಸಾಂತಾ ಮರಿಯಾ ನುವೋವಾ ಆಸ್ಪತ್ರೆಯ ಚರ್ಚನ್ನು ಸೇರಿತು. ಆ ಆಸ್ಪತ್ರೆಯನ್ನು 1288ರಲ್ಲಿ ಸ್ಥಾಪಿಸಿದವರು ಅದೇ ಮನೆತನದ ಫೋಲ್ಕೊ ಪೋರ್ತಿನಾರಿ. ಚಿತ್ರ ಈಗ ಅದೇ ಊರಿನ ಉಫಿತ್ಸಿ ಸಂಗ್ರಹಾಲಯದಲ್ಲಿದೆ.

ಚಿತ್ರದಲ್ಲಿ ಬಾಲಯೇಸು ಮಲಗಿರುವುದು ಗೋದಲಿಯಲ್ಲಿ ಅಲ್ಲ, ಬರಿಯ ನೆಲದ ಮೇಲೆ. ಅವರ ಮುಂದೆ, ನಮಗೆ ತೀರಾ ಹತ್ತಿರದಲ್ಲಿ, ಒಂದು ಗೋಧಿಯ ಕಟ್ಟು ಮತ್ತು ಎರಡು ಪಾತ್ರೆಗಳು. ಒಂದು ಔಷಧಿ ಅಂಗಡಿಯ ಮಣ್ಣಿನ ಜಾಡಿ; ಅದರಲ್ಲಿ ಕಿತ್ತಳೆ ಬಣ್ಣದ ಲಿಲ್ಲಿ, ಬಿಳಿ ಮತ್ತು ನೇರಳೆ ಐರಿಸ್. ಇನ್ನೊಂದು ಸಾಧಾರಣ ಗಾಜಿನ ಲೋಟ. ಅದರಲ್ಲಿ ಕೊಲಂಬೈನ್ ಹೂಗಳು, ಮೂರು ಕೆಂಪು ಕಾರ್ನೇಷನ್. ಹೂವಿನ ಕಾಂಡಗಳೂ ಗಾಜಿನ ಮೂಲಕ ಕಾಣುತ್ತವೆ.

ಕಲಾ ಇತಿಹಾಸಕಾರರು ಇದನ್ನು ಒಂದು ಬೋಧನೆಯಂತೆ ಓದುತ್ತಾರೆ. ಕೊಲಂಬೈನ್ ಎಂಬ ಹೆಸರು ಪಾರಿವಾಳ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಏಳು ಹೂಗಳು ಪವಿತ್ರಾತ್ಮರ ಏಳು ವರಗಳು, ಅಥವಾ ಮಾತೆ ಮರಿಯಳ ಏಳು ವ್ಯಾಕುಲಗಳು. ಕತ್ತಿಯಂಥ ಎಲೆಯ ಐರಿಸ್, ಮರಿಯಳ ಹೃದಯವನ್ನು ಅಲಗು ತೂರುವುದೆಂದ ಸಿಮೆಯೋನನ ಮಾತನ್ನು ನೆನಪಿಸುತ್ತದೆ. ಗೋಧಿ ಪರಮಪ್ರಸಾದದ ಗುರುತು. ಗಾಜನ್ನು ಒಡೆಯದೆ ಹಾದುಹೋಗುವ ಬೆಳಕು ಮರಿಯಳ ಕನ್ಯತ್ವದ ಹಳೆಯ ಸಂಕೇತ.

ಬಿಎಸ್ಸಿ ಓದಿದವಳಾಗಿ ನಾನು ಇನ್ನೊಂದನ್ನು ಗಮನಿಸಿದೆ. ಯುರೋಪಿನಲ್ಲಿ ಈ ಹೂಗಳು ಅರಳುವುದು ವಸಂತದಿಂದ ಬೇಸಿಗೆಯವರೆಗೆ, ಡಿಸೆಂಬರಿನಲ್ಲಿ ಅಲ್ಲ. ಅಂದರೆ ಇವು ಸಿಕ್ಕಿದ್ದನ್ನು ತುಂಬಿಸಿದ ಅಲಂಕಾರವಲ್ಲ. ಒಂದೊಂದನ್ನೂ ಯೋಚಿಸಿ ಆರಿಸಿದ್ದು. ಆ ಚರ್ಚಿಗೆ ಬಂದ ರೋಗಿಗಳಿಗೆ ಔಷಧಿಯ ಜಾಡಿ ಪರಿಚಿತ. ತಮ್ಮ ದಿನನಿತ್ಯದ ಪಾತ್ರೆಯೇ ದೇವರ ಮುಂದೆ ಇರುವುದನ್ನು ಅವರು ಕಂಡಿರಬೇಕು. ಹಣ ಕೊಟ್ಟ ಬ್ಯಾಂಕರ್ ಬದಿಯ ಬಾಗಿಲಲ್ಲಿ ಮೊಣಕಾಲೂರಿದ್ದಾರೆ. ಮುಂದಿನ ಜಾಗ ಹೂವಿಗೆ.

ನಮ್ಮ ನೀಲಗಿರಿಯ ಪಾಲಿಹೌಸುಗಳಲ್ಲೂ ಕಾರ್ನೇಷನ್, ಲಿಲ್ಲಿ ಬೆಳೆಯುತ್ತವೆ. ಹೂವಿಗೆ ನಮ್ಮಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಯೋಚನೆಗೆ. ಅಲಂಕಾರ ಮಿತವಾಗಿರಲಿ, ಹೂ ಪೀಠದ ಮೇಲಲ್ಲ, ಸುತ್ತ ಇರಲಿ ಎಂದು ಬಲಿಪೂಜೆಯ ನಿಯಮಾವಳಿಯೂ ಹೇಳುತ್ತದೆ. ತಪಸ್ಸುಕಾಲದಲ್ಲಿ ಕೆಲವು ದಿನಗಳ ಹೊರತು ಹೂವೇ ಇಲ್ಲ.

ಈ ಶನಿವಾರ ಒಂದೇ ಗಾಜಿನ ಪಾತ್ರೆ ಇಡೋಣ. ನೀರೊಳಗೆ ಮುಳುಗುವ ಎಲೆ ಕಿತ್ತುಬಿಡೋಣ. ಕೊಳೆತ ಎಲೆಯಲ್ಲಿ ಹೆಚ್ಚುವ ಬ್ಯಾಕ್ಟೀರಿಯಾ ಕಾಂಡದ ನೀರಿನ ದಾರಿಯನ್ನೇ ಮುಚ್ಚುತ್ತದೆ. ದಿನವೂ ನೀರು ಬದಲಿಸೋಣ. ಭಾನುವಾರ ಪೂಜೆಯ ನಂತರ ಆ ಹೂಗಳನ್ನು ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬ ಅಜ್ಜಿಗೆ ಒಯ್ಯೋಣ. ಯಾರು ಬರುತ್ತೀರಿ?