ಜಾಡಿಗೆ ಚೀಟಿ ಬಂದ ಬಗೆ

ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿಗಳಿಗೆ ಲೇಬಲ್ ಇರಲಿಲ್ಲ. ಬಾಯಿಗೆ ಕಟ್ಟಿದ ಬಟ್ಟೆ ನೋಡಿಯೇ ಅವಳಿಗೆ ಗೊತ್ತಾಗುತ್ತಿತ್ತು: ಬಿಳಿ ಪಂಚೆಯ ಚೂರಾದರೆ ಈ ವರ್ಷದ ಮಿಡಿ, ಹಳೇ ಸೀರೆಯ ಅಂಚಾದರೆ ಹೋದ ವರ್ಷದ್ದು. ಮಗಳ ಮನೆಗೆ ಕಳಿಸುವಾಗಲೂ ಅಷ್ಟೇ. ಮಾಡಿದವರು ಯಾರೆಂದು ತಿನ್ನುವವರಿಗೆ ಗೊತ್ತಿದ್ದ ಮೇಲೆ ಚೀಟಿ ಯಾಕೆ?

ಮಾಡಿದವರ ಮುಖ ಕೊಳ್ಳುವವರಿಗೆ ಗೊತ್ತಿಲ್ಲದಾಗ ಚೀಟಿ ಬೇಕಾಗುತ್ತದೆ. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ಇಲ್ಲಿಗೆ ಬರುತ್ತಿದ್ದ ಕಾಲದಲ್ಲಿ ಅದರ ಮೇಲೆ ಲಕ್ಷ್ಮಿ, ಕೃಷ್ಣ, ಆನೆ, ಹುಲಿಗಳ ಬಣ್ಣದ ಚಿತ್ರ ಅಂಟಿಸಿರುತ್ತಿದ್ದರು. ಓದು ಬಾರದವರೂ ಚಿತ್ರ ಹೇಳಿ ಬಟ್ಟೆ ಕೇಳಬಹುದಿತ್ತು. ಅವು ಕಲ್ಲಚ್ಚಿನ ಚಿತ್ರಗಳು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಶುರು ಮಾಡಿದ ಮುದ್ರಣಾಲಯ ಮುಂದೆ ಜರ್ಮನಿಯ ಫ್ರಿಟ್ಸ್ ಶ್ಲೈಶರ್ ಕೈಗೆ ಹೋಯಿತು. ದೇವರ ಪಟಗಳ ಜೊತೆಗೆ ಅಲ್ಲಿ ಲೇಬಲ್, ಜಾಹೀರಾತುಗಳೂ ಅಚ್ಚಾದವು. ಶಿವಕಾಶಿಯದು ಇನ್ನೊಂದು ದಾರಿ. 1920ರ ದಶಕದಲ್ಲಿ ಅಲ್ಲಿನ ಇಬ್ಬರು ಕಲ್ಕತ್ತಕ್ಕೆ ಹೋಗಿ ಬೆಂಕಿಪೊಟ್ಟಣದ ಕೆಲಸ ಕಲಿತು ಬಂದರು. ಪೊಟ್ಟಣಕ್ಕೆ ಚೀಟಿ ಬೇಕು, ಚೀಟಿಗೆ ಪ್ರೆಸ್ ಬೇಕು. ನಮ್ಮ ಗೋಡೆಯ ಕ್ಯಾಲೆಂಡರ್‌ಗಳ ಬೇರೂ ಅಲ್ಲೇ ಇದೆ.

ತಿನ್ನುವ ಪದಾರ್ಥಕ್ಕೆ ಬಂದರೆ, ಅಲಂಕಾರದ ಜೊತೆ ಕಾನೂನೂ ಅಂಟಿಕೊಳ್ಳುತ್ತದೆ. ಮಾರಾಟದ ಜಾಮು, ಉಪ್ಪಿನಕಾಯಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದು 1955ರ ಹಣ್ಣು ಉತ್ಪನ್ನಗಳ ಆದೇಶ. ಅದಾಗಿ ನಾಲ್ಕು ವರ್ಷಕ್ಕೆ, 1959ರಲ್ಲಿ, ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಒಣಗಿಸಿದರು. ಲಿಜ್ಜತ್ ಎಂಬ ಹೆಸರು ದೇಶಕ್ಕೆಲ್ಲ ಗೊತ್ತು, ಆ ಏಳು ಹೆಸರು ಎಷ್ಟು ಜನಕ್ಕೆ ಗೊತ್ತು?

ಮೈದಾ ಗಂಜಿಯಿಂದ ಅಂಟಿಸಿದ ಕಾಗದವನ್ನು ಜಿರಲೆ ತಿನ್ನುತ್ತದೆ, ಎಣ್ಣೆ ಬಿಡಿಸುತ್ತದೆ. ಸುಲಿದು ಅಂಟಿಸುವ ಸ್ಟಿಕರ್ ಅನ್ನು ಸ್ಟ್ಯಾಂಟನ್ ಏವರಿ ಅಮೆರಿಕದಲ್ಲಿ 1935ರಲ್ಲೇ ತಯಾರಿಸಿದ್ದರೂ ನಮ್ಮ ಅಡುಗೆಮನೆಗೆ ಅದು ಬಂದದ್ದು ಕಂಪ್ಯೂಟರ್, ಪ್ರಿಂಟರ್‌ಗಳ ಹಿಂದೆ. ಬರಹ, ನುಡಿ ತಂತ್ರಾಂಶ ಬಂದ ಮೇಲೆ ಕನ್ನಡದ ಚೀಟಿಗೆ ಮೊಳೆ ಜೋಡಿಸುವವರ ಹಂಗೂ ತಪ್ಪಿತು. ಈಗ ಎ4 ಹಾಳೆಯೊಂದರಲ್ಲಿ ಹನ್ನೆರಡು ಚೀಟಿ, ಕತ್ತರಿಸಿದರೆ ಮುಗಿಯಿತು.

ನನ್ನ ಚಿಕ್ಕಮ್ಮ ಮಿಡಿ ಉಪ್ಪಿನಕಾಯಿ ಮಾರಲು ಶುರು ಮಾಡಿದಾಗ ಪೇಟೆಯ ಡಿಟಿಪಿ ಅಂಗಡಿಯ ಹುಡುಗ ಹಾಳೆ ತುಂಬ ಮಾವಿನ ತೋರಣ ಕಟ್ಟಿದ. ನಡುವೆ ಕೊಡ ಹಿಡಿದು ನಗುವ ಯಾವಳೋ ಹೆಂಗಸು. ಕೆಳಗೆ ದಪ್ಪಕ್ಷರದಲ್ಲಿ 'ಮನೆಯಲ್ಲೇ ತಯಾರಿಸಿದ್ದು'. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ತಯಾರಕರ ಹೆಸರು, ವಿಳಾಸ, ತೂಕ, ತಾರೀಖು, ಬಳಸಿದ ಪದಾರ್ಥಗಳು, ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಎಲ್ಲ ಇರಬೇಕು. ಇದ್ದವು ಕೂಡ. ತಯಾರಕರ ಜಾಗದಲ್ಲಿ ಮಾತ್ರ ಚಿಕ್ಕಪ್ಪನ ಹೆಸರು! ನೋಂದಣಿ ಅರ್ಜಿ ತುಂಬಿದ್ದು ಅವನು. ಅವನಿಗೆ ಉಪ್ಪು ಎಷ್ಟು ಹಾಕಬೇಕೆಂದೂ ಗೊತ್ತಿಲ್ಲ.

ಚಿಕ್ಕಮ್ಮ ಮೊದಲ ವರ್ಷ ಏನೂ ಹೇಳಲಿಲ್ಲ. ಎರಡನೇ ವರ್ಷ ನೋಂದಣಿಯನ್ನೇ ತನ್ನ ಹೆಸರಿಗೆ ಮಾಡಿಸಿಕೊಂಡು ಬಂದಳು. ಹೊಸ ಚೀಟಿಯಲ್ಲಿ ಜಾಗ ಸಾಲದೆ ಹುಡುಗ ಅಕ್ಷರ ಚಿಕ್ಕದು ಮಾಡಲೇ ಎಂದು ಕೇಳಿದನಂತೆ. ಬೇಡ, ಆ ಕೊಡದವಳನ್ನು ತೆಗಿ ಅಂದಳಂತೆ ಇವಳು.